ಕೂದಲೆಳೆಯಷ್ಟು ಓರೆ

ಡೂಗಲ್ಡ್ ಮೆಕ್‌ಫೇಲ್ ಸತ್ತ ಮೇಲೆ
ಅವನ ಷೆಡ್ಡಿನ ಸಾಮಾನು ಹರಾಜಿಗೆ ಬಂತು.
ಕಿಲ್‌ಮಾರ್ನಾಕಿನ ಒಂದು ಚರ್ಚಿನ ಅಂಗಳ, ಫೆಬ್ರವರಿ.
ಹುಲ್ಲು ಕತ್ತರಿಸುವ ಯಂತ್ರಕ್ಕೂ ಮುರುಕು ಏಣಿಗೂ ನಡುವೆ
ಬಿಸ್ಕತ್ತಿನ ಹದಿನಾಲ್ಕು ಡಬ್ಬಿಗಳಲ್ಲಿ
ಅರ್ಧ ಉಗಿಬಂಡಿ.

ಕೈ ಎತ್ತಿದವಳು ನಾನೊಬ್ಬಳೇ.

ಮೂವತ್ತೊಂದು ವರ್ಷ ಹಲ್ಲು ಕಟ್ಟಿದವಳು ನಾನು,
ಮುಖ ನೋಡದೆ, ಬರೀ ಅಚ್ಚು ನೋಡಿ.
ಯಾರ ನಗುವಿಗೆ ಹೋದವೋ, ಯಾರ ಬೈಗುಳಕ್ಕೋ,
ನನಗೇನು ಗೊತ್ತು.
ನಿವೃತ್ತಿಯಾದ ಮೇಲೂ ಬೆರಳು ಸುಮ್ಮನಿರಲಿಲ್ಲ;
ಟೀ ಬಟ್ಟಲಿನ ಅಂಚನ್ನೇ ತಡವಿ ತಡವಿ
ಎಲ್ಲಿ ಉಬ್ಬಿದೆ ಎಂದು ಹುಡುಕುತ್ತಿತ್ತು.

ಡಬ್ಬಿ ಬಿಚ್ಚಿದೆ.
ಗಾಲಿ ಆರು, ಬೆರಳುದ್ದದ ಹಿತ್ತಾಳೆ ಸೀಟಿ,
ಕಿರುಬೆರಳಿನ ಉಗುರಿಗಿಂತ ಚಿಕ್ಕ ಬೆಂಕಿಬಾಗಿಲ ಚಿಲಕ,
ನಕ್ಷೆಯ ಮಡಿಕೆಯಲ್ಲಿ ಜ್ಯಾಮಿನ ಕಲೆ,
ಅಂಚಿನಲ್ಲಿ ಸೀಸದಕಡ್ಡಿಯ ಬರಹ:
‘ಇಲ್ಲಿ ಮತ್ತೆ ನೋಡು.’
ಎಲ್ಲಿ? ಬಾಣವಿಲ್ಲ, ಗುರುತಿಲ್ಲ.
ಹತ್ತೊಂಬತ್ತು ವರ್ಷ ಕಟ್ಟಿದವನು
ಒಂದು ಸಂಜೆ ದೀಪ ಆರಿಸಿ ಮನೆಯೊಳಗೆ ಹೋದನಂತೆ.
ಆಮೇಲೆ ಆರು ವರ್ಷ ಷೆಡ್ಡಿಗೆ ಕಾಲಿಡಲಿಲ್ಲವಂತೆ.
ಕ್ಲಬ್ಬಿನವರು ಹೇಳಿದ್ದು: ಮಂಡಿನೋವು.

ಮಂಡಿನೋವಲ್ಲ.
ಬಲಗಡೆಯ ಸಿಲಿಂಡರು.
ಮೂರು ಸಲ ಅಳೆದೆ, ಮೂರು ಸಲವೂ ಅದೇ:
ಕೊರೆದ ತೂತು ಕೂದಲೆಳೆಯಷ್ಟು ಓರೆ.
ಸುಮ್ಮನೆ ಕೂತೆ.
ಇಂಥ ಕೂದಲೆಳೆ ನನಗೆ ಗೊತ್ತು.
ಬೇರೆ ಯಾರ ಕಣ್ಣಿಗೂ ಬೀಳದ್ದು, ನಾಲಿಗೆಗೆ ಮಾತ್ರ ತಾಕುವುದು,
ರಾತ್ರಿಯೆಲ್ಲ ತಾಕುವುದು.

ನಕ್ಷೆಯ ಮೇಲೆ ಬಾಣ ನಾನೇ ಎಳೆದೆ.

ಹೊಸದೊಂದು ಎರಕ ಹೊಯ್ಯಿಸಬಹುದಿತ್ತು.
ಹೊಯ್ಯಿಸಲಿಲ್ಲ. ತೂತು ಅಗಲಿಸಿ, ನೇರ ಮಾಡಿ
ಒಳಗೊಂದು ಕಂಚಿನ ಕವಚ ಕೂರಿಸಿದೆ,
ಹುಳುಕು ಹಲ್ಲಿಗೆ ಟೊಪ್ಪಿಗೆ ತೊಡಿಸುವ ಹಾಗೆ.
ಅವನ ಕಬ್ಬಿಣ ಹೊರಗೆ, ನನ್ನ ಕಂಚು ಒಳಗೆ.

ಆಮೇಲೆ ಬಾಯ್ಲರು. ತಾಮ್ರದ ಹಾಳೆ, ಬೆಳ್ಳಿಯ ಬೆಸುಗೆ.
ಎಲ್ಲವನ್ನೂ ಹನ್ನೆರಡರಲ್ಲೊಂದು ಪಾಲಿಗೆ ಇಳಿಸಬಹುದು,
ಬೆಂಕಿಯನ್ನು ಆಗದು.
ಮುಂಗೈ ಮೇಲೆದ್ದ ಬೊಬ್ಬೆ
ಪೂರ್ತಿ ಅಳತೆಯದೇ.

ತಪಾಸಣೆಗೆ ಬಂದ ಪಿಟ್‌ಕೆತ್ಲಿ,
ಸದಾ ಪೆಪ್ಪರಮೆಂಟು ಚೀಪುವ ಮನುಷ್ಯ,
ತಣ್ಣೀರು ತುಂಬಿ, ಪಂಪು ಒತ್ತಿ,
ದುಡಿಯಬೇಕಾದ ಒತ್ತಡದ ಎರಡರಷ್ಟಕ್ಕೆ ಏರಿಸಿ
ಗಡಿಯಾರ ನೋಡುತ್ತ ನಿಂತ.
ಹನ್ನೊಂದನೆಯ ನಿಮಿಷ. ಒಂದು ಮೊಳೆಯ ಬುಡದಲ್ಲಿ
ಸಾಸಿವೆಯಷ್ಟು ನೀರು.
‘ಬೆವರ್ತಾ ಇದೆ,’ ಅಂದ.
ಪೆಪ್ಪರಮೆಂಟು ಕೊಟ್ಟ. ಸರ್ಟಿಫಿಕೇಟು ಕೊಡಲಿಲ್ಲ.

ಎರಡು ತಿಂಗಳು. ಮತ್ತೆ ಬೆಸುಗೆ. ಮತ್ತೆ ಪಿಟ್‌ಕೆತ್ಲಿ.

ಮೇ ತಿಂಗಳ ಎರಡನೆಯ ಭಾನುವಾರ
ಪಾರ್ಕಿನ ಐದಂಗುಲದ ಹಳಿಯ ಮೇಲೆ ನಿಲ್ಲಿಸಿ
ಚಮಚದಲ್ಲಿ ಕಲ್ಲಿದ್ದಲು ಉಣಿಸಿದೆ.
ಸೂಜಿ ನಡುಗಿತು, ಎದ್ದಿತು. ಹಿಡಿಕೆ ಎಳೆದೆ.
ಗಾಲಿಯ ಒಂದು ಸುತ್ತಿಗೆ ನಾಲ್ಕು ಉಸಿರು:
ಛಫ್, ಛಫ್, ಛಫ್,
ನಾಲ್ಕನೆಯದು ತುಸು ತಡ,
ಹೊಸಿಲ ಬಳಿ ಏನೋ ನೆನಪಾಗಿ ನಿಂತವರ ಹಾಗೆ.
ಸರಿಮಾಡಬಹುದು. ಮುಂದಿನ ಚಳಿಗಾಲಕ್ಕಿರಲಿ.

ಎಫೀ ಮೆಕ್‌ಫೇಲ್ ಬಂದಿದ್ದಳು.
ಎಂಬತ್ತಮೂರು ವಯಸ್ಸು, ಮಳೆಕೋಟು, ಕೈಯಲ್ಲಿ
ಎಲ್ಲರ ಹಾಗೆ ಒಂದು ಪೌಂಡಿನ ಟಿಕೇಟು.
ಬೇಡವೆಂದರೂ ಕೊಂಡಿದ್ದಳು.
ನನ್ನ ಹಿಂದಿನ ಹಲಗೆಯ ಮೇಲೆ
ಎರಡೂ ಕಡೆ ಕಾಲು ಇಳಿಬಿಟ್ಟು ಕೂತಳು.
ಬಾತುಕೋಳಿಯ ಕೊಳ, ಗುಲಾಬಿಯ ಬೇಲಿ,
ಮಕ್ಕಳು ಸುರಂಗವೆನ್ನುವ ತಗಡಿನ ಕಮಾನು;
ಒಂದು ಸುತ್ತು ಮುಗಿಯಿತು.
‘ಇಷ್ಟೇನಾ?’ ಅಂದಳು.

ಕೋಟಿನ ತೋಳು ಮೂಸಿದಳು.
‘ಹತ್ತೊಂಬತ್ತು ವರ್ಷ ನನ್ನ ಪರದೆಗಳೆಲ್ಲ
ಎಣ್ಣೆ ನಾರುತ್ತಿದ್ದವು.
ಹೊಗೆ ಇದೇ ಮೊದಲು.’

ಇಳಿದಳು. ಟಿಕೇಟಿನ ಕಿಟಕಿಗೆ ನಡೆದು
ಪರ್ಸಿನ ತಳ ಕೆದಕಿ ಇನ್ನೊಂದು ಪೌಂಡು ತೆಗೆದಳು.
ಸಾಲಿನ ಕೊನೆಯಲ್ಲಿ ಹೋಗಿ ನಿಂತಳು,
ಮೂಗು ಸುರಿಸುತ್ತಿದ್ದ ಒಬ್ಬ ಹುಡುಗನ ಹಿಂದೆ.